ನಲವತ್ತನಾಲ್ಕು ಎಡತೋಳು

ಮೊದಲ ಸಲ ತೋಳು ಕೂರದೇ ಹೋದಾಗ ಮಾಸ್ಟರಮ್ಮ ತನ್ನನ್ನೇ ಬೈದುಕೊಂಡಳು. ಹೊಲಿಗೆ ಬಿಚ್ಚಿದಳು, ಕಣ್ಣುಜ್ಜಿಕೊಂಡಳು, ಮತ್ತೆ ಹೊಲಿದಳು. ಎರಡನೇ ಸಲವೂ ಕೋಟಿನ ಬಲತೋಳು ಮೊಣಕೈ ಮುರಿದವರ ಹಾಗೆ ಹಿಂದಕ್ಕೆ ಬಾಗಿ ನಿಂತಿತು. ಮೂರನೆಯದಕ್ಕೆ ಕೈ ಹಾಕುವ ಮುಂಚೆ ಯಾಕೋ ಅನುಮಾನ ಬಂತು. ಕತ್ತರಿಸಿಟ್ಟ ತೋಳುಗಳ ಕಟ್ಟಿನಿಂದ ನಾಲ್ಕಾರು ತುಂಡು ಎಳೆದು, ಹೊಳಪಿನ ಮೈ ಮೇಲೆ ಬರುವಂತೆ ಒಂದರ ಪಕ್ಕ ಒಂದು ಹಾಸಿದಳು. ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಇಡೀ ಕಟ್ಟು ಬಿಚ್ಚಿ ನೋಡಿದಳು. ಶಾಲೆಯ ಬ್ಯಾಂಡಿನ ಇಪ್ಪತ್ತೆರಡು ಮಕ್ಕಳ ಕೋಟಿಗೆ ನಲವತ್ತನಾಲ್ಕು ತೋಳು. ನಲವತ್ತನಾಲ್ಕೂ ಎಡತೋಳು.

ಕತ್ತರಿಸಿದವರು ಬೇರೆ ಯಾರೂ ಅಲ್ಲ, ಅವಳ ಗಂಡ. ಊರೆಲ್ಲ ಅವರನ್ನು ಕರೆಯುವುದು ಕಟಿಂಗ್ ಮಾಸ್ಟರ್ ಎಂದು. ಬಟ್ಟೆಯನ್ನು ಮುಖಕ್ಕೆ ಮುಖ ಕೊಟ್ಟು ಜೋಡಿಯಾಗಿ ಹಾಸಿ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿಯೇ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ ಅದು. ಮಾಸ್ಟರು ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದ ಮೇಲೆ ಅದನ್ನು ಮರೆತು, ಎಲ್ಲ ಪದರವನ್ನೂ ಒಂದೇ ಮುಖಕ್ಕೆ ಹಾಸಿ, ಕತ್ತರಿಸುವ ಮಷೀನು ಓಡಿಸಿಬಿಟ್ಟಿದ್ದರು.

ಮರೆವಿಗೆ ಕಾರಣ ಗೋಡೆಯ ಮೇಲೇ ನೇತಾಡುತ್ತಿತ್ತು. ಅಳತೆಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ. ಮೊಬೈಲಿನಲ್ಲಿ ಬರುವ ಯಾರೋ ಒಬ್ಬ ನುಣುಪು ಮುಖದವನು ಹೇಳಿಕೊಟ್ಟದ್ದಂತೆ: ವಾರಕ್ಕೆ ಕಾಲು ಗಂಟೆಯಂತೆ ನಿದ್ದೆ ಇಳಿಸುತ್ತಾ ಬನ್ನಿ, ದೇಹಕ್ಕೆ ಗೊತ್ತೇ ಆಗುವುದಿಲ್ಲ. ಏಳೂವರೆ ಗಂಟೆಯಿಂದ ಶುರುವಾದದ್ದು ಹನ್ನೊಂದು ವಾರದಲ್ಲಿ ನಾಲ್ಕೂಮುಕ್ಕಾಲಿಗೆ ಬಂದು ನಿಂತಿತ್ತು. ದೇಹಕ್ಕೆ ಗೊತ್ತಾಯಿತೋ ಇಲ್ಲವೋ, ಹೆಂಡತಿಗಂತೂ ಚೆನ್ನಾಗಿಯೇ ಗೊತ್ತಾಗಿತ್ತು. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಮೂರೂಮುಕ್ಕಾಲಿಗೆ ಅಲಾರಾಂ ಬಡಿದರೆ ಮಾಸ್ಟರು ಏಳುವ ಮುಂಚೆ ಅವಳೇ ಎದ್ದು ಕೂರುತ್ತಿದ್ದಳು. "ಪರೀಕ್ಷೆ ಕಟ್ಟಿರೋದು ಇವರು, ಫೇಲಾಗ್ತಿರೋದು ನಾನು" ಎಂದು ಅಕ್ಕನ ಹತ್ತಿರ ಫೋನಿನಲ್ಲಿ ಗೋಳು ಹೇಳಿಕೊಂಡಿದ್ದಳು.

ಇಷ್ಟೆಲ್ಲ ಮಾಡಿ ಉಳಿಸಿದ ಹೊತ್ತಿನಲ್ಲಿ ಈ ಮಹಾನುಭಾವರು ಕಡಿದು ಕಟ್ಟೆಹಾಕಿದ್ದೇನು? ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕಿದರು. ಮರುವಾರ ಅದನ್ನೆಲ್ಲ ಸುರಿದು, ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ ಮಾಡಿದರು. ಅಂದಿನಿಂದ ಅವಳಿಗೆ ಬೇಕಾದ ಗುಂಡಿ ಬೇಕಾದಾಗ ಸಿಕ್ಕಿದ್ದೇ ಇಲ್ಲ. ಮಿಕ್ಕ ಹೊತ್ತೆಲ್ಲ ಅದೇ ನುಣುಪು ಮುಖದವನನ್ನು ನೋಡುತ್ತಾ, ಇನ್ನೂ ಕಮ್ಮಿ ನಿದ್ದೆ ಮಾಡುವುದು ಹೇಗೆಂದು ಕಲಿಯುತ್ತಿದ್ದರು.

"ರೀ!" ಎಂದು ಅವಳು ಕೂಗಿದಳು. "ಬನ್ನಿ ಇಲ್ಲಿ. ನಿಮ್ಮ ಕೈಚಳಕ ನೋಡಿ."

ಮಾಸ್ಟರು ಬಂದರು. ಕಣ್ಣು ಕೆಂಪು, ಕೆಳಗೆ ಚೀಲ. ಹಾಸಿದ ತೋಳುಗಳನ್ನು ನೋಡಿದರು, ಒಂದನ್ನು ತಿರುಗಿಸಿದರು, ಮತ್ತೆ ಮೊದಲಿನಂತೆಯೇ ಇಟ್ಟರು.

"ನೀನು ಉಲ್ಟಾ ಹಿಡಿದಿರ್ಬೇಕು."

"ನಲವತ್ತನಾಲ್ಕನ್ನೂ?"

"ಬಟ್ಟೇದೇ ಏನೋ ತಪ್ಪಿರುತ್ತೆ ಕಣೇ. ಈಗಿನ ಮಿಲ್ಲಿನೋರಿಗೆ ಮುಖ ಯಾವುದು ಬೆನ್ನು ಯಾವುದು ಅಂತ್ಲೇ ಗೊತ್ತಿಲ್ಲ."

"ಮಿಲ್ಲಿನೋರು ರಾತ್ರಿ ಮಲಗ್ತಾರೆ ರೀ. ಅವರಿಗೆ ಎಲ್ಲ ಗೊತ್ತಿರುತ್ತೆ."

ಮಾಸ್ಟರು ಮುಖ ಗಂಟಿಕ್ಕಿದರು. "ಮನುಷ್ಯ ಆಯಸ್ಸಿನಲ್ಲಿ ಮೂರರಲ್ಲೊಂದು ಪಾಲು ಗೊರಕೆ ಹೊಡ್ಕೊಂಡೇ ಕಳೀತಾನೆ. ನನಗೀಗ ಐವತ್ತೈದು. ಅಪ್ಪ ಹೋದಾಗ ಅವರಿಗೆ ಅರವತ್ತು. ಲೆಕ್ಕ ಹಾಕು ನೀನೇ. ನಾನೇನು ಮೋಜಿಗೆ ಮಾಡ್ತಿದೀನಾ?"

ಇದನ್ನು ಅವರು ಹೇಳಿದ್ದು ಇದೇ ಮೊದಲು. ಬೇರೆ ದಿನವಾಗಿದ್ದರೆ ಮಾಸ್ಟರಮ್ಮ ಕರಗಿಬಿಡುತ್ತಿದ್ದಳೇನೋ. ಆದರೆ ಆಗಲೇ ಮಾಸ್ಟರು, ತಪ್ಪು ತಿದ್ದೇ ತೀರುತ್ತೇನೆಂದು, ಉಳಿದ ಬಟ್ಟೆಯ ಥಾನನ್ನು ಮೇಜಿನ ಮೇಲೆ ಉರುಳಿಸಿ ಮಷೀನಿನ ಗುಂಡಿ ಒತ್ತಿದರು. ಬ್ಲೇಡು ಗುಂಯ್ ಎಂದಿತು. ಅವರ ರೆಪ್ಪೆ ಒಂದು ಸಲ ಪೂರ್ತಿ ಮುಚ್ಚಿ ತೆರೆದದ್ದನ್ನು ಅವಳು ಕಂಡಳು.

ಮಾಸ್ಟರಿಗೆ ಕೆಲಸ ಕಲಿಸಿದವರನ್ನು ಎಲ್ಲರೂ ಎಂಟು ಬೆರಳಿನ ಮೇಷ್ಟ್ರು ಎನ್ನುತ್ತಿದ್ದರು. ಮೂರು ದಿನ ನಿದ್ದೆಗೆಟ್ಟು ಕತ್ತರಿಸುತ್ತಿದ್ದಾಗ ಒಂದೇ ಒಂದು ತೂಕಡಿಕೆ, ಇಂಥದೇ ಮಷೀನು. ಆಮೇಲೆ ಅವರು ಕತ್ತರಿ ಮುಟ್ಟಲಿಲ್ಲ. ಅಂಗಡಿಯ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ತಮ್ಮ ಕಥೆ ಹೇಳುತ್ತಾ ಮುದುಕರಾದರು. ಹನ್ನೊಂದು ವಾರದಿಂದ ಅವಳಿಗೆ ಅದೇ ಹೆದರಿಕೆ. ಅವಳ ಹೆದರಿಕೆ ಹೊರಗೆ ಬರುವಾಗ ಸಿಟ್ಟಾಗಿಯೇ ಬರುತ್ತಿತ್ತು.

ಅವಳು ಗೋಡೆಯಿಂದ ಪ್ಲಗ್ಗು ಕಿತ್ತಳು. ಮಷೀನಿನ ವೈರು ಬಿಡಿಸಿ, ಸುತ್ತಿ, ತನ್ನ ಕೈಚೀಲಕ್ಕೆ ತುರುಕಿದಳು.

"ಏನೇ ಇದು! ನಾಡಿದ್ದು ಬ್ಯಾಂಡಿನೋರು ಬರ್ತಾರೆ. ಬಲತೋಳು ಯಾರು ಕತ್ತರಿಸ್ತಾರೆ?"

"ನಾನು."

ಮಾಸ್ಟರು ನಕ್ಕರು. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಕಟಿಂಗ್ ಮೇಜಿನ ಹತ್ತಿರ ಬಿಟ್ಟುಕೊಂಡವರಲ್ಲ. ಹೊಲಿಯೋದಕ್ಕೆ ಕೈ ಸಾಕು, ಕತ್ತರಿಸೋದಕ್ಕೆ ತಲೆ ಬೇಕು ಎನ್ನುವುದು ಅವರ ಮಾತು. ಆ ತಲೆಯ ಪ್ರತಾಪ ಮೂಲೆಯಲ್ಲಿ ಕಟ್ಟು ಬಿಚ್ಚಿಕೊಂಡು ಬಿದ್ದಿತ್ತು.

"ಆಯ್ತು, ಕತ್ತರಿಸು. ನಾನು ಕೂತು ಹೇಳ್ಕೊಡ್ತೀನಿ," ಎಂದು ಸ್ಟೂಲು ಎಳೆದುಕೊಂಡು, ಮೇಜಿಗೆ ಮೊಣಕೈ ಊರಿ ಕೂತರು. "ಮೊದಲು ಹೊಳಪಿನ ಮೈ ಮೇಲೆ ಮಾಡು. ಅಚ್ಚಿನ ಕಾಗದ ಮಗುಚಿ ಹಾಕು. ಸುಕ್ಕು ತೆಗಿ. ಆ ಕಡೆ ಅಲ್ಲ ಕಣೇ, ಈ ಕಡೆ. ನೇರ ಮಾಡು... ನೇರ..."

ಆಮೇಲೆ ಮಾತು ಬರಲಿಲ್ಲ. ತಿರುಗಿ ನೋಡಿದರೆ ಮಾಸ್ಟರು ಬಟ್ಟೆಯ ಮೇಲೆ ಕೆನ್ನೆಯಿಟ್ಟು, ಬಲಗೈ ಚಾಚಿ, ಮಟಮಟ ಮಧ್ಯಾಹ್ನದಲ್ಲಿ ಗೊರಕೆ ಹೊಡೆಯುತ್ತಿದ್ದರು.

"ರೀ, ಬಟ್ಟೆ ಬಿಡಿ!" ಅವಳು ಭುಜ ಅಲ್ಲಾಡಿಸಿದಳು. ಕೈ ಎತ್ತಿ ಪಕ್ಕಕ್ಕಿಟ್ಟರೆ ಅದು ಮತ್ತೆ ಬಂದು ಅಲ್ಲೇ ಬಿತ್ತು. ಚಿವುಟಿದಳು. ಗೊರಕೆಯ ಧಾಟಿ ಬದಲಾಯಿತೇ ಹೊರತು ಮಾಸ್ಟರು ಬದಲಾಗಲಿಲ್ಲ. ಎಚ್ಚರವಿದ್ದಾಗಲೂ ಅಡ್ಡಿ, ಮಲಗಿದಾಗಲೂ ಅಡ್ಡಿ, ಈ ಮನುಷ್ಯನ್ನ ಕಟ್ಟಿಕೊಂಡು ಹೇಗೆ ಏಗುವುದು ಎಂದು ಗೊಣಗಿಕೊಂಡು ಅವಳು ದೊಡ್ಡ ಕತ್ತರಿ ತೆಗೆದುಕೊಂಡಳು. ನಾಲ್ಕು ನಾಲ್ಕು ಪದರ ಮಾಡಿಕೊಂಡು, ಅವರು ಆಕ್ರಮಿಸಿದ ಜಾಗ ಬಿಟ್ಟು ಕತ್ತರಿಸುತ್ತಾ ಹೋದಳು. ಮೊದಲ ನಾಲ್ಕು ಮುಗಿಯುವವರೆಗೆ ಉಸಿರು ಬಿಗಿಹಿಡಿದಿದ್ದಳು. ಆಮೇಲೆ ಕೈ ಕುದುರಿತು.

ಇಪ್ಪತ್ತು ಆಯಿತು. ಇನ್ನೆರಡಕ್ಕೆ ಉಳಿದ ಬಟ್ಟೆಯ ಅಂಚಿನಲ್ಲಿ ಅವರ ಅಂಗೈ ಹರಡಿಕೊಂಡಿತ್ತು. ತನ್ನ ಕಣ್ಣೂ ಎಳೆಯುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಕೆಂಪು ಸೀಮೆಸುಣ್ಣ ತೆಗೆದುಕೊಂಡು ಆ ಕೈಯ ಸುತ್ತ, ಒಂದೊಂದು ಬೆರಳಿನ ಪಕ್ಕದಲ್ಲೂ, ಗೆರೆ ಎಳೆದಳು. ಗೆರೆಯಿಂದ ನಾಲ್ಕು ಬೆರಳು ದೂರದಲ್ಲೇ ಕತ್ತರಿ ತಿರುಗಿಸಿ ಕೊನೆಯ ಎರಡನ್ನೂ ಮುಗಿಸಿದಳು. ತೋಳುಗಳನ್ನು ಕಟ್ಟಿಟ್ಟು, ಅಲಾರಾಂ ಗಡಿಯಾರವನ್ನು ಚಿಂದಿ ಬಟ್ಟೆಯ ಮೂಟೆಯೊಳಗೆ ಆಳಕ್ಕೆ ಹೂತು, ಒಳಗೆ ಹೋಗಿ ಮಂಚದ ಮೇಲೆ ಬಿದ್ದುಕೊಂಡಳು.

ಸಂಜೆ ಏಳಕ್ಕೆ ಮೇಜಿನ ಕಡೆಯಿಂದ ಸದ್ದಾಯಿತು. ಲೈಟು ಹತ್ತಿತು.

"ಲೇ, ಇದನ್ನ ಯಾರು ಕತ್ತರಿಸಿದ್ದು?"

"ದೆವ್ವ," ಎಂದಳು ಅವಳು, ಕಣ್ಣು ತೆರೆಯದೆ.

ತೋಳುಗಳನ್ನು ಮಗುಚಿ ಹಾಕುವ ಸದ್ದು. ಸ್ವಲ್ಪ ಹೊತ್ತು ಬಿಟ್ಟು, "ಪರವಾಗಿಲ್ಲ. ಆದ್ರೆ ಈ ಥಾನಿನ ಅಂಚು ಯಾಕೆ ಹೀಗೆ ಸೊಟ್ಟಗೆ ಹೋಗಿದೆ? ಇಷ್ಟಗಲ ಬಟ್ಟೆ ದಂಡ."

"ಅಲ್ಲಿ ನಿಮ್ಮ ಕೈ ಇತ್ತು."

ತೆರೆದ ಬಾಗಿಲಿನಾಚೆಗೆ ಅವಳು ಒಂದು ಕಣ್ಣು ಬಿಟ್ಟು ನೋಡಿದಳು. ಅವರು ಮೇಜಿನ ಮೇಲೆ ಬಗ್ಗಿ, ಕೆಂಪು ಗೆರೆಯೊಳಗೆ ತಮ್ಮ ಕೈ ಇಟ್ಟು ನಿಂತಿದ್ದರು. ಅವಳು ಕಣ್ಣು ಮುಚ್ಚಿದಳು.

"ಒಂದು, ಎರಡು, ಮೂರು..." ಎಂದು ಮೆಲ್ಲಗೆ ಎಣಿಸುವ ದನಿ ಕೇಳಿಸಿತು. ಸರಿ ಹೋಯಿತು, ಈಗ ತೋಳುಗಳ ತಪಾಸಣೆ, ಇಪ್ಪತ್ತೆರಡೂ ಇವೆ ಮಾರಾಯರೇ, ಎಣಿಸಿಕೊಂಡು ಸಾಯಿರಿ ಎಂದುಕೊಂಡಳು ಅವಳು. ಎಣಿಕೆ ಹತ್ತಕ್ಕೆ ನಿಂತಿತು. ಆಮೇಲೆ ಮತ್ತೆ ಒಂದರಿಂದ ಶುರುವಾಯಿತು.

ಮಾಸ್ಟರಮ್ಮ ಗೋಡೆಯ ಕಡೆ ತಿರುಗಿ ಹೊದಿಕೆ ಎಳೆದುಕೊಂಡಳು.