ಹಿತ್ತಲ ಕಡೆಯ ಕಟ್ಟೆ

ಭೀಮಬಾಯಿಗೆ ಆ ವಾಡೆ ಬೇಕಾಗಿತ್ತು. ಬೇಕು ಅಂದರೆ ಬೇಕು, ಎರಡು ಮಾತಿಲ್ಲ. ಮೂವತ್ತೈದು ವರ್ಷ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿ ದುಡಿದು, ಸೂಜಿ ಕಂಡರೆ ಓಡುವ ಪೈಲ್ವಾನರನ್ನೂ ರಟ್ಟೆ ಹಿಡಿದು ಕೂರಿಸಿದ ಹೆಂಗಸು ಅವಳು, ಸುಮ್ಮನೆ ಆಸೆಪಟ್ಟು ಕೈ ಚೆಲ್ಲುವ ಪೈಕಿ ಅಲ್ಲ. ಗಂಡ ಭಗವಂತ, ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡಾಗಿದ್ದು ಈಚೆಗಷ್ಟೇ ನಿವೃತ್ತನಾಗಿದ್ದ. "ನಮ್ಮಿಬ್ಬರಿಗಿ ಮೂವತ್ತೆರಡು ಕಂಬದ ಮನಿ ಯಾಕ? ನೀನೊಂದು ಕಂಬಕ್ಕ, ನಾನೊಂದು ಕಂಬಕ್ಕ ಬೆನ್ನ ಕೊಟ್ಟು ಕುಂತರೂ ಇನ್ನಾ ಮೂವತ್ತ ಉಳೀತಾವ" ಎಂದು ಚೇಷ್ಟೆ ಮಾಡಿದ.

"ನಮಗಲ್ರಿ, ನಮ್ಮವ್ವಗ" ಎಂದಳು ಭೀಮಬಾಯಿ.

ಅವ್ವ ಅಮೃತಮ್ಮನಿಗೆ ಎಂಬತ್ತು ದಾಟಿತ್ತು. ಕೊಡ್ಲಿ ಊರಿನ ಆಚೆ, ಗುಡ್ಡಗಳ ನಡುವಿನ ಕಣಿವೆಯಲ್ಲಿ ನಿಜಾಮರ ಕಾಲಕ್ಕೆ ಕಟ್ಟಿದ ಆ ಗೌಡರ ವಾಡೆಯ ಕೊಟ್ಟಿಗೆಯಲ್ಲಿ ಆಕೆ ಮೂವತ್ತು ವರ್ಷ ಸೆಗಣಿ ಬಳಿದವಳು. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ ಮುಂಬಾಗಿಲ ಹೊಸ್ತಿಲು ತುಳಿದವಳಲ್ಲ. ತುಳಿಯಗೊಡುವವರಾದರೂ ಯಾರಿದ್ದರು? ಊರ ಹೊರಗಿನ ಕೇರಿಯವರು ಹಿತ್ತಲಿಂದ ಬರಬೇಕು, ಮೇಲಿಂದ ಹೊಯ್ದ ನೀರು ಕುಡಿಯಬೇಕು, ಹಿತ್ತಲಿಂದಲೇ ಹೋಗಬೇಕು. ಎಂಟು ವರ್ಷದ ಭೀಮಬಾಯಿ ಬೊಗಸೆಯೊಡ್ಡಿ ನಿಂತ ಅವ್ವನನ್ನು ನೋಡಿ ನೋಡಿ ಹಲ್ಲು ಕಚ್ಚಿ ಬೆಳೆದಳು. ಈಗ ಏಳೆಕರೆ ಹೊಲ, ಬಾವಿ, ಮಾವಿನ ತೋಪು ಸಮೇತ ಅದೇ ವಾಡೆ ಮಾರಾಟಕ್ಕಿದೆ ಎಂದು ಸೇಡಂನ ದಲ್ಲಾಳಿ ಅಬ್ದುಲ್ ಮಜೀದ ಫೋನು ಮಾಡಿದ್ದ. ಅವ್ವನನ್ನು ಮುಂಬಾಗಿಲಿಂದ ಒಳಗೆ ಕರೆದೊಯ್ಯಬೇಕು, ಅದೂ ಮನೆಯ ಒಡತಿಯಾಗಿ. ಭೀಮಬಾಯಿಯ ತಲೆಯಲ್ಲಿ ಇದ್ದದ್ದು ಇದೊಂದೇ.

ಮಾರುತ್ತಿದ್ದವಳು ವಿಮಲಾಬಾಯಿ, ಆ ಮನೆಯ ಸೊಸೆ, ಈಗ ಅರವತ್ತೈದರ ಗೌಡಸಾನಿ. ಮನೆ ಮಾರುವುದಕ್ಕೆ ಆಕೆಗೆ ದುಃಖವೂ ಇಲ್ಲ, ದುಮ್ಮಾನವೂ ಇಲ್ಲ. "ಕಂಬದ ಧೂಳ ಒರಸಿ ಒರಸಿ ಸಾಕಾಗೇದಪ್ಪ. ಕಲಬುರಗ್ಯಾಗ ಮಗಳ ಮನಿ ಬಾಜೂಕ ಲಿಫ್ಟಿನ ಮನಿ ನೋಡೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ವಾಡಿಯ ನರ್ಸಮ್ಮ ಮನೆ ನೋಡಲು ಬರುತ್ತಾಳೆಂದು ತಿಳಿದು, ಬೆಳಿಗ್ಗೆ ಎದ್ದು ಹೋಳಿಗೆಗೆ ಕಡಲೆಬೇಳೆ ಬೇಯಿಸಿದ್ದಳು. ಆ ನರ್ಸಮ್ಮ ಯಾರ ಮಗಳು ಎಂಬುದನ್ನು ಆಕೆಯೂ ಕೇಳಲಿಲ್ಲ, ಮಜೀದನೂ ಹೇಳಲಿಲ್ಲ.

ಕಾರು ಹುಣಸೆ ಮರದಡಿ ನಿಂತಿತು. ಮಜೀದ, ಭಗವಂತ ಇಬ್ಬರೂ ಮಾತಾಡುತ್ತಾ ಮುಂಬಾಗಿಲಿಗೆ ಹೋದರು. ಅಮೃತಮ್ಮ ಇಳಿದವಳೇ ಕೋಲೂರಿಕೊಂಡು ಎಡಕ್ಕೆ ತಿರುಗಿ, ಗೋಡೆಗುಂಟ ನಡೆದೇ ಬಿಟ್ಟಳು.

"ಯವ್ವಾ, ಆ ಕಡಿ ಅಲ್ಲ! ಮುಂದಿನ ಬಾಗಲ ಈ ಕಡಿ ಅದ!" ಎನ್ನುತ್ತಾ ಭೀಮಬಾಯಿ ಬೆನ್ನಟ್ಟಿದಳು. ಹಿಡಿಯುವಷ್ಟರಲ್ಲಿ ಅವ್ವ ಹಿತ್ತಲ ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತಾಗಿತ್ತು.

"ಏಳವ್ವ, ನೀ ಇವತ್ತ ಮನಿ ತಗೊಳ್ಳಾಕ ಬಂದೀದಿ, ಕಸ ಬಳ್ಯಾಕಲ್ಲ."

"ದಮ್ಮ ಹತ್ಯಾದ. ಒಂದ್ ಗಳಿಗಿ ತಡಿಯೇ ನಮ್ಮವ್ವ."

ಎಂಬತ್ತು ದಾಟಿದ ಜೀವವನ್ನು ದರದರ ಎಳೆದೊಯ್ಯಲಾದೀತೇ? ಭೀಮಬಾಯಿ ಪಕ್ಕದಲ್ಲಿ ಕೂತಳು. ಕೂತ ಮೇಲೆ ಅವಳ ತಲೆಗೆ ಇನ್ನೊಂದು ಹೊಳೆಯಿತು. ಕರೆಯಲಿ. ಒಳಗಿನವರೇ ಬಂದು 'ಹಿಂದ್ಯಾಕ ಕುಂತೀರಿ, ಮುಂದ ಬರ್ರಿ' ಅನ್ನಲಿ. ಅಷ್ಟು ಅನ್ನಿಸಿಕೊಳ್ಳದೆ ಅವ್ವ ಇಲ್ಲಿಂದ ಏಳುವುದಿಲ್ಲ! ಹೋಳಿಗೆಯ ಘಮ ಬಂತು, ಭಗವಂತ ನಕ್ಕದ್ದು ಕೇಳಿತು, ಆದರೆ ಕರೆಯುವವರು ಬರಲಿಲ್ಲ. ಅರ್ಧ ತಾಸಾಯಿತು. ಭೀಮಬಾಯಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು.

ಮುಂದಿನ ಕಟ್ಟೆಯ ಮೇಲಿನ ಕಥೆಯೇ ಬೇರೆ. ವಿಮಲಾಬಾಯಿ ಜಮಖಾನೆ ಹಾಸಿ, ತಾಟು ಇಟ್ಟುಕೊಂಡು ಕಾಯುತ್ತಿದ್ದಳು. "ಹಿತ್ತಲ ನೋಡಾಕ ಹೋಗಿರಬೇಕ್ರಿ, ಬರ್ತಾರ" ಎಂದು ಭಗವಂತ ಎರಡು ಸಲ ಹೇಳಿದ. ಮೂರನೆಯ ಸಲ ಗೌಡಸಾನಿ ತಾನೇ ಒಳಗೆ ಹೋಗಿ ಹಿಂದಿನ ಕಿಟಕಿಯಿಂದ ಇಣುಕಿದಳು. ಇಬ್ಬರು ಹೆಂಗಸರು ಮನೆಗೆ ಬೆನ್ನು ಹಾಕಿ ಕಲ್ಲಿನಂತೆ ಕೂತಿದ್ದರು.

ಮಜೀದ ಏದುಸಿರು ಬಿಡುತ್ತಾ ಓಡಿ ಬಂದ. "ಅಕ್ಕಾ, ಇಲ್ಲ್ಯಾಕ ಕುಂತೀರಿ? ಅಲ್ಲಿ ಗೌಡಸಾನಿಯವರು ಬೆಂಕಿ ಆಗ್ಯಾರ. ನಮ್ಮ ಬಾಗಲ ಹತ್ತಾಕ ಮನಸಿಲ್ಲಂದ್ರ ಬಂದಾರ ಯಾಕ, ನನ್ನ ಕೈಯ್ಯಾಗಿನ ಹೋಳಗಿ ಬ್ಯಾಡೇನು ಅಂತ ಕೇಳ್ಲಿಕತ್ತಾರ!"

"ಬ್ಯಾಡೇನು ಅಂತ ಅವರು ಕೇಳ್ತಾರ?" ಭೀಮಬಾಯಿ ಎದ್ದು ನಿಂತಳು. "ಅರ್ಧ ತಾಸಾತು ಕುಂತು. ಬರ್ರಿ ಅಂತ ಒಬ್ಬರರ ಅಂದಾರೇನು? ಬ್ಯಾರೆ ಗಿರಾಕಿ ನೋಡ್ಕೋ ಅನ್ನು ಹೋಗು!"

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ ಪಾಪದ ಮಜೀದ. "ಯಾ ಅಲ್ಲಾ" ಎಂದು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಅಷ್ಟರಲ್ಲಿ ಹಿತ್ತಲ ಬಾಗಿಲ ಅಗುಳಿ ಖಟ್ಟನೆ ಸರಿಯಿತು. ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೊರಗೆ ಬಂದ ವಿಮಲಾಬಾಯಿ, ಕಟ್ಟೆಯ ಮೇಲಿನ ಮುದುಕಿಯನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಅಮೃತಮ್ಮ? ನೀ... ಇಕಿ ನಿನ್ನ ಮಗಳೇನು?"

"ಹೌದು ತಂಗಿ. ಭೀಮಿ. ಕೊಟ್ಟಿಗ್ಯಾಗ ನನ್ನ ಹಿಂದ ಹಿಂದ ತಿರಗತಿದ್ಲಲ್ಲ, ಅಕೀನೇ."

ಈ ಇಬ್ಬರು ಇಲ್ಲೇ ಯಾಕೆ ಕೂತರು ಎಂಬುದು ಗೌಡಸಾನಿಗೆ ಆಗ ತಿಳಿಯಿತು. ಅವಳ ಮುಖದ ಸಿಟ್ಟು ಇಳಿದು ನಾಚಿಕೆ ಹತ್ತಿತು. "ತಪ್ಪು ನಮ್ದವ್ವ" ಎಂದಳು ನೇರವಾಗಿ. "ಅವತ್ತಿಂದೂ ನಮ್ದೇ, ಇವತ್ತಿಂದೂ ನಮ್ದೇ. ಏಳ್ರಿ, ಮುಂದ ಹೋಗೂಣು."

ಭೀಮಬಾಯಿ ಐವತ್ತು ವರ್ಷ ಕಾದ ಮಾತು ಅದು. ಅವ್ವನ ರಟ್ಟೆಗೆ ಕೈ ಹಾಕಿದಳು. ಅವ್ವ ಅಲುಗಲಿಲ್ಲ.

"ಮುಂದ ಏನದ? ರಣ ಬಿಸಲು, ರಸ್ತಾದ ಧೂಳ" ಎಂದಳು ಅಮೃತಮ್ಮ. "ಹೋಳಗಿ ಇಲ್ಲಿಗೇ ತಾ. ಬಾ, ಕುಂದ್ರು."

ಗೌಡಸಾನಿಗೆ ಅವ್ವ ಕುಂದ್ರು ಅನ್ನುವುದನ್ನು ಭೀಮಬಾಯಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ವಿಮಲಾಬಾಯಿ ತಾಟುಗಳನ್ನು ತಂದಳು, ತುಪ್ಪ ತಂದಳು, ಸೆರಗಿನಿಂದ ಕಲ್ಲು ಒರೆಸಿ ಅಮೃತಮ್ಮನ ಪಕ್ಕಕ್ಕೆ ಕೂತಳು. ಕೂತು ತಲೆ ಎತ್ತಿದಳು.

ಇಡೀ ಕಣಿವೆ ಎದುರಿಗಿತ್ತು. ಕೊಯ್ದ ತೊಗರಿ ಹೊಲ, ಅದರಾಚೆ ಹಳ್ಳದ ನೀರು, ಹೂವು ಬಿಟ್ಟ ಮಾವು, ಚಿಂಚೋಳಿಯ ಕಡೆಗೆ ಒಂದರ ಹಿಂದೆ ಒಂದು ಗುಡ್ಡ. ತಣ್ಣಗೆ ಗಾಳಿ ಬರುತ್ತಿತ್ತು.

"ಅಯ್ಯ ಶಿವನ! ನಾ ಈ ಮನಿಗಿ ಬಂದು ನಲವತ್ತೈದು ವರ್ಷ ಆತು. ಗೌಡರ ಸೊಸಿ ಹಿತ್ತಲಕ್ಕ ಹೋಗಬಾರದು ಅಂತಿದ್ರು ನಮ್ಮತ್ತಿ. ಇಲ್ಲಿ ಒಂದಿನಾ ಕುಂತಿಲ್ಲ ನೋಡು" ಎಂದಳು ವಿಮಲಾಬಾಯಿ.

"ನಾ ದಿನಾ ಕುಂತೀನಿ" ಎಂದಳು ಅಮೃತಮ್ಮ, ಹೋಳಿಗೆ ಮುರಿಯುತ್ತಾ. "ಕೆಲಸ ಮುಗದ ಮ್ಯಾಲ ಇಲ್ಲಿ ಕುಂತರ ಇದೆಲ್ಲಾ ನಂದೇ ಅನಸ್ತಿತ್ತು. ನೀರ ಹೊಯ್ಯೂದು ನೋಡಿ ಹೊಟ್ಟಿ ಉರೀತಿತ್ತು, ಸುಳ್ಳ್ಯಾಕ ಹೇಳ್ಲಿ? ಆದ್ರ ಈ ಜಾಗದಾಗ ನಾ ಸುಖಾನೂ ಪಟ್ಟೀನಿ."

ಭೀಮಬಾಯಿ ಇಷ್ಟು ವರ್ಷ ಅವ್ವನಿಗಾಗಿ ಮರುಗಿದ್ದೇ ಮರುಗಿದ್ದು, ನಿನಗೇನು ಇಷ್ಟವಾಗಿತ್ತು ಎಂದು ಒಂದು ಸಲವೂ ಕೇಳಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು, ಅವ್ವನ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು.

ಅಷ್ಟರಲ್ಲಿ ವಿಮಲಾಬಾಯಿ ನಿಟ್ಟುಸಿರು ಬಿಟ್ಟಳು. "ಮಜೀದ, ಇದನ್ನ ನೋಡಿದ ಮ್ಯಾಲ ಮಾರಾಕ ಮನಸಾಗವಲ್ದಪ್ಪ."

ಮಜೀದನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಭೀಮಬಾಯಿ ತಾಟು ಕೆಳಗಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ!

ಅಮೃತಮ್ಮ ಮಾತ್ರ ಸಾವಕಾಶ ಬಾಯಿ ಒರೆಸಿಕೊಂಡಳು. "ಮಾರ್ತೀನಿ ಅಂತ ಕರಸೀದಿ, ಮಾರು ತಂಗಿ. ನೋಡಬೇಕು ಅನಿಸಿದಾಗ ಬಾ, ಹಿಂಗೇ ಕುಂತು ಉಂಡ ಹೋಗು. ಆದ್ರ ಬರೂದು ಮುಂದಿನ ಬಾಗಲದಿಂದ ಬರಬೇಕು."

"ಅದ್ಯಾಕಬೇ?"

"ಬೀಗರು, ಬಿಜ್ಜರು, ಬಂದವರು ಎಲ್ಲಾರೂ ಮುಂದಿನ ಬಾಗಲದಿಂದ. ಹಿತ್ತಲ ಬಾಗಲ ಮನಿ ಮಂದಿಗಿ ಅಷ್ಟೇ."

ವಿಮಲಾಬಾಯಿ ನಗತೊಡಗಿದಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಆತು ಮನಿಯಾಕಿ, ಆತು" ಎಂದು ಎದ್ದು, ಮಾತು ಪಕ್ಕಾ ಮಾಡುವ ಎಲೆ ಅಡಿಕೆ ತರಲು ಒಳಗೆ ಹೋದಳು. ಭೀಮಬಾಯಿ ಮುಖ ಮುಚ್ಚಿಕೊಂಡು ಅತ್ತಳು. ಅವ್ವ ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.