ಒಂದೇ ಟೀಮಿನ ದಾಯಾದಿಗಳು

ನನ್ನ ಮಗ ಹೇಮಂತ್ ಕೊಲೆ ಮಾಡಿದ್ದಾನೆ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ಕಿರುಗಾವಲು ಕಡೆಯ ನಮ್ಮೂರಲ್ಲಿ ಈಗ ಎಲ್ಲರೂ ಮೊಬೈಲ್ ಗೇಮಿಗೆ ಶಾಪ ಹಾಕುತ್ತಿದ್ದಾರೆ. ದಿನಾ ಗುಂಡು ಹಾರಿಸಿ ಹಾರಿಸಿ ಹತ್ತೊಂಬತ್ತರ ಹುಡುಗನ ತಲೆ ಕೆಟ್ಟಿತಂತೆ. ನನ್ನ ಕಡೆ ಒಬ್ಬನೂ ಬೊಟ್ಟು ಮಾಡುವುದಿಲ್ಲ.

ಸತ್ತವನು ಸಂತೋಷ್, ನನ್ನ ದಾಯಾದಿ ಮುದ್ದಯ್ಯನ ಮಗ. ನಾಲೆ ನೀರಿನ ಸರದಿಗೆ ಜಗಳವಾಡಿ ಎರಡು ಮನೆಗೂ ಹದಿನಾಲ್ಕು ವರ್ಷದಿಂದ ಮಾತಿಲ್ಲ. ಆದರೂ ದಾಯಾದಿಯಲ್ಲವೇ, ಅವರ ಮನೆಯ ಸಾವಿಗೆ ನಮಗೂ ಸೂತಕ. ನನ್ನ ಮಗ ಕೊಂದ ಹುಡುಗನಿಗೆ ನಾನು ಹನ್ನೊಂದು ದಿನ ಸೂತಕ ಆಚರಿಸಿದೆ. ಕೊನೆಯ ದಿನ ತಲೆಗೆ ನೀರು ಸುರಿದುಕೊಳ್ಳುವಾಗ ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ.

ಕೊಲೆಗೆ ಎಂಟು ದಿನ ಮೊದಲು, ಮಧ್ಯಾಹ್ನ ಊಟಕ್ಕೆ ಬಂದಾಗ ಹೇಮಂತನ ಮೊಬೈಲಿನಿಂದ ಸಂತೋಷನ ದನಿ ಕೇಳಿತ್ತು. "ಲೇ ಹೇಮಂತ, ನುಗ್ಲಾ, ಇಂದ್ಗಡೆ ನಾನಿವ್ನಿ ಕಣ್ಲಾ." ಒಂದು ವರ್ಷದಿಂದ ಇಬ್ಬರೂ ಒಂದೇ ಟೀಮಿನಲ್ಲಿ ಆಡುತ್ತಿದ್ದರಂತೆ. ಅವನು ಅವರ ಜಗಲಿಯಲ್ಲಿ, ಇವನು ನಮ್ಮ ಜಗಲಿಯಲ್ಲಿ, ನಮಗೆ ತಿಳಿಯಬಾರದೆಂದು ಮುಖ ಅತ್ತ ತಿರುಗಿಸಿಕೊಂಡು. ನನಗೆ ಮೈಯೆಲ್ಲ ಉರಿದುಹೋಯಿತು.

"ನಮ್ ನೀರ್ ಕದ್ದೋನ್ ಮಗನ್ ಜೊತೆ ಆಟ ಆಡ್ತೀಯಾ? ಗಂಡ್ಸೇನ್ಲಾ ನೀನು?" ಎಂದು ಮೊಬೈಲ್ ಕಿತ್ತುಕೊಂಡೆ.

"ಆಡ್ಕಳ್ಳಿ ಬುಡಿ, ಐಕ್ಳು," ಎಂದಳು ಹೆಂಡತಿ ನಾಗರತ್ನ. ಅವಳಿಗೂ ಬೈದೆ. ವಾರವಿಡೀ ಅವನು ಉಣ್ಣಲು ಕೂತಾಗಲೆಲ್ಲ ಹಂಗಿಸಿದೆ. ನನ್ನ ಬಾಯಿ ಅಂಥದ್ದು.

ನಮ್ಮ ಸರದಿಯ ದಿನ ಗುದ್ದಲಿ ಕೈಗೆ ಕೊಟ್ಟು ಗದ್ದೆಗೆ ಕಳಿಸಿದೆ. "ಅವ್ರ್ ಮನೆಯವ್ರು ಯಾರಾದ್ರೂ ನೀರ್ ತಿರುಗ್ಸುದ್ರೆ ಸುಮ್ನೆ ವಾಪಸ್ ಬರ್ಬ್ಯಾಡ. ಬಂದ್ರೆ ನೀನ್ ನನ್ ಮಗ್ನೇ ಅಲ್ಲ." ಅತ್ತ ಸಂತೋಷನನ್ನು ಮುದ್ದಯ್ಯ ಏನು ಹೇಳಿ ಕಳಿಸಿದ್ದನೋ, ಇನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ಹೇಮಂತನ ಗುದ್ದಲಿಯ ಒಂದೇ ಏಟು, ಸಂತೋಷನ ತಲೆಗೆ ಬಿದ್ದಿತ್ತು.

ಮಂಡ್ಯದ ವಕೀಲರು ಜಾಮೀನಿಗೆ ದಾರಿ ತೋರಿಸಿದರು. ಗೇಮಿನ ಚಟದಿಂದ ಮಗನಿಗೆ ಬುದ್ಧಿ ಸ್ಥಿಮಿತವಿರಲಿಲ್ಲ ಎಂದು ನಾನು ಬರೆದುಕೊಡಬೇಕು. ಜೈಲಿಗೆ ಹೋಗಿ ಹೇಮಂತನಿಗೆ, "ನೀನೂ ಅಂಗೇ ಯೋಳ್ಬುಡು ಮಗ, ಬೇಗ ಬಂದ್ಬುಡ್ತೀಯ," ಎಂದೆ.

"ಗೇಮಲ್ಲಿ ಅವ್ನು ನನ್ನ ಎಷ್ಟ್ ಸಲ ಉಳ್ಸವ್ನೆ ಗೊತ್ತಾ ಅಪ್ಪ? ನೀನೇ ಯೋಳಿ ಕಳ್ಸಿದ್ದು ಅಂತ ಬರ್ಕೊಡು. ಆಯ್ತದಾ?"

ಆಗಲಿಲ್ಲ. ಮಗ ಮನೆಗೆ ಬರಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ನಾನು ಊರಲ್ಲಿ ತಲೆ ಎತ್ತಿ ಓಡಾಡಬೇಕಿತ್ತು. ವಕೀಲರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.

ಜಾಮೀನು ಇನ್ನೂ ಸಿಕ್ಕಿಲ್ಲ. ಆಮೇಲೆ ಮೂರು ಸಲ ಜೈಲಿಗೆ ಹೋದೆ, ಮೂರು ಸಲವೂ ಹೇಮಂತ್ ನನ್ನನ್ನು ನೋಡಲು ಬರಲಿಲ್ಲ. ನಾಗರತ್ನ ಒಬ್ಬಳೇ ಹೋದರೆ ಬರುತ್ತಾನೆ.