ಟೈಲರಕ್ಕನ ಎದುರಿನ ಗೋಡೆ

ನಮ್ಮ ಮನೆಯ ಹೊರಗೋಡೆಗೆ ಬಣ್ಣ ಆರಿಸುವ ಸರದಿ ನನಗೆ ಸುಮ್ಮನೆ ಬಂದದ್ದಲ್ಲ. ನಾನು ಮದುವೆಯಾಗಿ ಬಂದಾಗ ಮಾವನವರ ಇಷ್ಟದ ನಸುಹಳದಿ ಇತ್ತು. ಆಮೇಲೆ ನಮ್ಮ ಮನೆಯವರ ಇಷ್ಟದ ಬಿಳಿ ಬಂತು. ಅದು ಬರುಬರುತ್ತಾ ಯಾರಿಗೂ ಇಷ್ಟವಿಲ್ಲದ ಬೂದಿಬಣ್ಣಕ್ಕೆ ತಿರುಗಿತು. ಈ ಸಲ ನಾನು ಹಟಕ್ಕೆ ಬಿದ್ದೆ. ಇಟ್ಟಿಗೆಗೆಂಪೇ ಆಗಬೇಕು, ಇಲ್ಲದಿದ್ದರೆ ಪೇಂಟರನ್ನು ಗೇಟಿನ ಒಳಗೇ ಬಿಡುವುದಿಲ್ಲ ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರಿಗೆ ಗೊತ್ತು.

"ಬಿಸಿಲಿಗೆ ಕೆಂಪು ಬೇಗ ಮಾಸುತ್ತೆ, ಬಿಳೀನೇ ವಾಸಿ," ಎಂದರು.

"ಮಾಸಿದ್ರೆ ಮಾಸ್ಲಿ ಬಿಡಿ. ನಾವೇನು ಮಾಸಿಲ್ವಾ?"

ಅವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಪೇಂಟರ್ ಮುಂದಿನ ಗೋಡೆಯ ಮೇಲೆ ಬೇರೆ ಬೇರೆ ಕೆಂಪಿನ ಪಟ್ಟಿ ಎಳೆದು ತೋರಿಸಿದ. ಒಂದು ಟೊಮೆಟೊ ಒಡೆದ ಹಾಗಿತ್ತು, ಇನ್ನೊಂದು ತುಕ್ಕು ಹಿಡಿದ ಹಾಗೆ. ನಾನು ಬೀದಿಯಲ್ಲಿ ನಿಂತು ಎದುರುಮನೆಯ ಕಿಟಕಿಗೆ ಕೂಗಿದೆ. "ಅಕ್ಕಾ, ಯಾವ್ದು ಚೆನ್ನಾಗಿದೆ ಹೇಳಿ."

"ಎಡಗಡೆ ತುದೀದು ಕಣೇ. ನಿನ್ನ ಬಾಯಿಗೆ ಅದೇ ಸರಿಹೋಗೋದು," ಎಂದು ಕಿಟಕಿಯೊಳಗಿಂದ ಟೈಲರಕ್ಕ ನಕ್ಕರು. ಅದೇ ಆಯಿತು.

ಟೈಲರಕ್ಕನ ವಿಷಯ ಹೇಳಬೇಕು. ನಮ್ಮ ಬೀದಿಯ ಅರ್ಧ ಜನ ಅವರು ಹೊಲಿದದ್ದನ್ನು ಉಟ್ಟು ತೊಟ್ಟು ಬೆಳೆದವರು. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಮಷೀನು ತುಳಿಯುವುದು ಅಲ್ಲಿಗೆ ಮುಗಿಯಿತು. ಅವರ ಗಂಡ ಬಸ್ ಡ್ರೈವರ್, ಬೆಳಕು ಹರಿಯುವ ಮುಂಚೆ ಹೊರಟರೆ ಸಂಜೆಗೇ ಬರುವುದು. ಅವರು ಮಂಚವನ್ನು ಕಿಟಕಿಗೆ ಒತ್ತರಿಸಿ ಹಾಕಿಕೊಟ್ಟರು. ಟೈಲರಕ್ಕ ದಿಂಬಿಗೆ ಒರಗಿಕೊಂಡೇ ಬೇರೆ ಟೈಲರುಗಳು ಕಳಿಸುವ ಬಟ್ಟೆಗಳಿಗೆ ಹೆಮ್ಮಿಂಗ್, ಗುಂಡಿ, ಹುಕ್ಕು, ಏನೇನು ಕೈಹೊಲಿಗೆ ಇರುತ್ತದೋ ಅಷ್ಟನ್ನೂ ಮಾಡತೊಡಗಿದರು. "ಕೈಯಲ್ಲಿ ಸೂಜಿ ಇರೋವರೆಗೆ ನಾನು ಕಾಯಿಲೆಯವಳಲ್ಲ," ಎನ್ನುತ್ತಿದ್ದರು. ಬೆಳಗ್ಗೆ ನಾನು ಟೀ ತೆಗೆದುಕೊಂಡು ಹೋದರೆ ಆಗಲೇ ದಾರ ಪೋಣಿಸಿ ಕೂತಿರುತ್ತಿದ್ದರು.

ನಾನು ಟೀ ಕೊಟ್ಟದ್ದೇನೂ ಉಪಕಾರವಲ್ಲ. ನನ್ನ ಮಗಳು ತಿಂಗಳು ತುಂಬದೆ ಹುಟ್ಟಿದವಳು, ಅಂಗೈಯಷ್ಟಿದ್ದಳು. ಮೈಗೆ ಮೈ ತಾಗಿಸಿ ಬೆಚ್ಚಗಿಟ್ಟುಕೊಳ್ಳಿ ಎಂದಿದ್ದರು ಡಾಕ್ಟರು. ನನಗೋ ಜ್ವರ, ಎದ್ದು ಕೂರಲು ತ್ರಾಣವಿಲ್ಲ. ಆಗ ಟೈಲರಕ್ಕ ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು ಬಂದು, ಮಗುವನ್ನು ಎದೆಯ ಮೇಲೆ ಹಾಕಿಕೊಂಡು ದಿನಗಟ್ಟಲೆ ನಮ್ಮ ಹಾಲ್‌ನಲ್ಲಿ ಮಲಗಿದ್ದರು. ಗಿರಾಕಿಗಳು ಬೇರೆ ಕಡೆ ಹೋದರು. ಟೈಲರಕ್ಕ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಈಗ ಆ ಮಗಳು ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ ಬೆಳೆದಿದ್ದಾಳೆ. ಅವಳನ್ನು ನೋಡಿದಾಗೆಲ್ಲ ನನಗೆ ಎದುರುಮನೆ ನೆನಪಾಗುತ್ತದೆ.

ಬಣ್ಣ ಮುಗಿದ ದಿನ ನಾನು ಬೇಕೆಂದೇ ಅಂಗಡಿಗೆ ಹೋಗಿಬಂದೆ, ದೂರದಿಂದ ನಮ್ಮ ಮನೆ ಹೇಗೆ ಕಾಣುತ್ತದೆ ನೋಡಲು. ಬೆಳಗಿನ ಬಿಸಿಲು ನೆಟ್ಟಗೆ ಮುಂದಿನ ಗೋಡೆಗೆ ಬೀಳುತ್ತದೆ. ಗೋಡೆ ಧಗಧಗ ಎನ್ನುತ್ತಿತ್ತು. ನನಗೆ ಹಿಡಿಸಲಾರದಷ್ಟು ಖುಷಿ.

ಒಂದು ವಾರ ಕಳೆದಿರಬೇಕು. ಟೀ ತೆಗೆದುಕೊಂಡು ಹೋದರೆ ಟೈಲರಕ್ಕನ ಕೈಯಲ್ಲಿ ಸೂಜಿ ಇಲ್ಲ. ಆಸ್ಪತ್ರೆಯ ನರ್ಸಮ್ಮನ ಬಿಳಿ ಕೋಟಿಗೆ ನಸುಗುಲಾಬಿ ದಾರದಲ್ಲಿ ಅಂಚು ಹೊಲಿದುಬಿಟ್ಟಿದ್ದರಂತೆ. ಅದಕ್ಕೂ ಮುಂಚೆ ಕಡುಹಸಿರು ಬಟ್ಟೆಗೆ ಕಪ್ಪು ದಾರ ಹೋಗಿತ್ತಂತೆ. ಕೋಟು ವಾಪಸ್ಸು ಬಂದು ಮಂಚದ ಮೇಲೆ ಬಿದ್ದಿತ್ತು.

"ಕಾಲು ಹೋಯ್ತು, ಈಗ ಕಣ್ಣೂ ಹೋಯ್ತು ಕಣೇ," ಎಂದರು. "ಬಿಳಿ ಯಾವ್ದು, ಗುಲಾಬಿ ಯಾವ್ದು ತಿಳೀದವಳು ಏನು ಹೊಲಿದಾಳು? ಬಟ್ಟೆ ಕಳಿಸ್ಬೇಡಿ ಅಂತ ಎಲ್ಲರಿಗೂ ಹೇಳಿಬಿಟ್ಟೆ. ಆ ದಾರದ ಡಬ್ಬಿ ತಗೊಂಡು ಹೋಗು. ಯಾರಾದ್ರೂ ಹೊಲಿಗೆ ಕಲಿಯೋರಿಗೆ ಕೊಡು."

ಕೋಣೆಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಡಬ್ಬಿಯಿಂದ ಒಂದು ಬಿಳಿ ರೀಲು ತೆಗೆದೆ, ಕೋಟಿಗೆ ಹಿಡಿದು ನೋಡಿದೆ, ಸರಿಯಾಗೇ ಇತ್ತು. ಇದರಿಂದ ನಾನೇ ಹೊಲಿದುಕೊಡೋಣ, ಒಂದು ಕೋಟಿನ ಮರ್ಯಾದೆಯಾದರೂ ಉಳಿಯಲಿ ಎಂದುಕೊಂಡು ಡಬ್ಬಿ, ಕೋಟು ಎರಡನ್ನೂ ಎತ್ತಿಕೊಂಡು ಹೊರಟೆ.

ಮೆಟ್ಟಿಲಿಳಿದು ಬೀದಿಗೆ ಬಂದು ನೋಡುತ್ತೇನೆ, ನನ್ನ ಕೈಯಲ್ಲಿದ್ದ ಬಿಳಿ ರೀಲು ಗುಲಾಬಿ.

ಒಳಗೆ ಹೋದೆ. ಬಿಳಿ. ಮತ್ತೆ ಹೊರಗೆ ಬಂದೆ. ಗುಲಾಬಿ. ನನ್ನ ಕಣ್ಣಿಗಂತೂ ಏನೂ ಆಗಿರಲಿಲ್ಲ, ನೊಣದ ಕಾಲು ಎಣಿಸುವ ಕಣ್ಣು ನನ್ನದು. ತಲೆ ಎತ್ತಿದರೆ ಎದುರಿಗೆ ನಮ್ಮ ಗೋಡೆ, ಬಿಸಿಲನ್ನೆಲ್ಲ ಮೈಮೇಲೆ ಎಳೆದುಕೊಂಡು ಕೆಂಪಗೆ ನಿಂತಿತ್ತು. ಟೈಲರಕ್ಕನ ಮನೆಯ ಹಿಂದೆ ಗೋದಾಮಿನ ಎತ್ತರದ ಗೋಡೆ, ಅತ್ತಲಿಂದ ಬೆಳಕಿನ ಹನಿಯೂ ಬರುವುದಿಲ್ಲ. ಆ ಕೋಣೆಗೆ ಬೆಳಗ್ಗೆ ಬರುವುದೆಲ್ಲ ನಮ್ಮ ಗೋಡೆಗೆ ಬಿದ್ದು ಮರಳಿದ ಬೆಳಕು. ಆ ಕೆಂಪು ಬೆಳಕಿನಲ್ಲಿ ಬಿಳಿಯೂ ಒಂದೇ, ಗುಲಾಬಿಯೂ ಒಂದೇ. ಬಣ್ಣ ಆರಿಸುವಾಗ ಗೇಟಿನಿಂದ ನೋಡಿದ್ದೆ, ಬೀದಿಯಿಂದ ನೋಡಿದ್ದೆ. ಆ ಮಂಚದಿಂದ ನೋಡಬೇಕೆಂದು ಹೊಳೆದಿರಲಿಲ್ಲ.

ಓಡಿದೆ. "ಅಕ್ಕಾ, ನಿಮ್ಮ ಕಣ್ಣಿಗೇನೂ ಆಗಿಲ್ಲ. ಎಲ್ಲಾ ನನ್ನ ಗೋಡೆಯಿಂದ."

ಅವರು ಮುಖ ತಿರುಗಿಸಲಿಲ್ಲ. "ಸಮಾಧಾನ ಹೇಳೋಕೆ ಬರಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಗೋಡೆ ಮೇಲೆ ಹಾಕ್ಲಾ?"

"ಅಕ್ಕಾ, ಈ ಸಲ ನೆಲಾನೇ ಡೊಂಕು."

ಮನೆಯವರನ್ನು ಕೂಗಿದೆ. ನಾವಿಬ್ಬರೂ ಸೇರಿ ಟೈಲರಕ್ಕನನ್ನು ಕುರ್ಚಿಯ ಸಮೇತ ಎತ್ತಿ ಬೀದಿಯ ಬಿಸಿಲಲ್ಲಿ ಕೂರಿಸಿದೆವು. ಡಬ್ಬಿ ತೊಡೆಯ ಮೇಲಿಟ್ಟೆ. ಟೈಲರಕ್ಕ ಒಂದು ರೀಲು ಎತ್ತಿದರು, ಇನ್ನೊಂದು ಎತ್ತಿದರು. ಬಿಳಿ, ಕೆನೆ, ಗುಲಾಬಿ, ಕಪ್ಪು, ಕಡುಹಸಿರು ಎಂದು ಬೇರೆ ಬೇರೆ ಮಾಡುತ್ತಾ ಹೋದರು. ಒಂದೂ ತಪ್ಪಲಿಲ್ಲ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಮನೆಯವರು ಕುರ್ಚಿ ಹಿಡಿದುಕೊಂಡು ನಿಂತಿದ್ದರು.

"ನಾಳೇನೇ ಪೇಂಟರನ್ನ ಕರೆಸಿ, ಮುಂದಿನ ಗೋಡೆ ಬಿಳಿ ಮಾಡಿಸೋಣ," ಎಂದೆ ಮನೆಯವರಿಗೆ.

ಬಿಳಿಯೇ ವಾಸಿ ಎಂದು ಮೊದಲೇ ಹೇಳಿದ್ದ ಮನುಷ್ಯ ಅದನ್ನು ನೆನಪಿಸಲಿಲ್ಲ. ಆ ಒಂದು ಗುಣಕ್ಕೆ ಅವರ ನೂರು ತಪ್ಪು ಮಾಫಿ.

ಟೈಲರಕ್ಕನೇ ಗದರಿದರು. "ಹುಚ್ಚೀ, ಎಷ್ಟು ವರ್ಷದ ಆಸೆ ನಿಂದು. ನನ್ನೊಬ್ಬಳಿಗೋಸ್ಕರ ಬಳಿದು ಹಾಕ್ತೀಯಾ? ಒಂದು ಲೈಟು ಹಾಕ್ಕೊಂಡ್ರೆ ಆಯ್ತಪ್ಪ."

"ಲೈಟಲ್ಲಿ ದಾರ ಹೊಂದಿಸ್ಬಾರದು ಅಂತ ನನಗೆ ಹೇಳಿಕೊಟ್ಟೋರು ಯಾರು? ನನ್ನ ಮಗಳನ್ನ ಎದೆ ಮೇಲೆ ಹಾಕ್ಕೊಂಡು ಮಲಗಿದ್ರಲ್ಲ, ಆಗ ನಾನೇನಾದ್ರೂ ಬೇಡ ಅಂದಿದ್ನಾ? ಈಗ ನೀವೂ ಬೇಡ ಅನ್ನಬೇಡಿ."

ಅವರು ನನ್ನ ಕೈ ಹಿಡಿದುಕೊಂಡರು, ಅಷ್ಟೇ.

ಪೇಂಟರ್ ಬಂದು ಹಣೆ ಚಚ್ಚಿಕೊಂಡ. ಈ ಸಲ ಪಟ್ಟಿ ಎಳೆಸಿ ನಾನು ಹೋಗಿ ನೋಡಿದ್ದು ಟೈಲರಕ್ಕನ ಮಂಚದ ಮೇಲೆ ಕೂತು. ಬಿಳಿಯಲ್ಲೂ ಅಷ್ಟು ಬಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವರು ಆರಿಸಿದ್ದನ್ನು ಪದರದ ಮೇಲೆ ಪದರ ಬಳಿದು ಮುಗಿಸಿದ. ಈಗ ನಮ್ಮ ಮನೆ ಮುಂದೆ ಬಿಳಿ, ಮಿಕ್ಕ ಕಡೆ ಕೆಂಪು. ಬಣ್ಣ ಸಾಲಲಿಲ್ವಾ ಎಂದು ಬೀದಿಯವರು ಕೇಳುತ್ತಾರೆ. ಹೌದು ಎನ್ನುತ್ತೇನೆ. ನರ್ಸಮ್ಮನ ಕೋಟು ಸರಿಯಾಗಿ ಹೋಯಿತು, ಬೇರೆ ಬಟ್ಟೆಗಳೂ ಬರತೊಡಗಿದವು.

ಮೊನ್ನೆ ಮಗಳು ಎದುರುಮನೆಯಿಂದ ಒಂದು ಗಂಟು ತಂದು ನನ್ನ ಮುಂದಿಟ್ಟಳು. ಬಟ್ಟೆ ತಂದುಕೊಟ್ಟದ್ದು ಅವಳೇ ಅಂತೆ, ನನಗೆ ಹೇಳಬಾರದೆಂದು ಕಟ್ಟಪ್ಪಣೆಯಾಗಿತ್ತಂತೆ. ಬಿಚ್ಚಿದರೆ ನಮ್ಮ ಹಾಲ್‌ನ ಕಿಟಕಿಗೆ ಪರದೆ, ಅದೇ ಎಡಗಡೆ ತುದಿಯ ಇಟ್ಟಿಗೆಗೆಂಪು.

"ಹೊರಗಿನ ಬಿಳಿ ನಾನು ನೋಡ್ಕೋತೀನಿ, ಒಳಗಿನ ಕೆಂಪು ನೀನು ನೋಡ್ಕೋ ಅಂತ ಹೇಳು ಅಂದ್ರು," ಎಂದಳು ಮಗಳು.

ಪರದೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದೆ. ಅಂಚನ್ನೆಲ್ಲ ಕೈಯಲ್ಲೇ ಹೊಲಿದಿದ್ದರು. ನೊಣದ ಕಾಲು ಎಣಿಸುವ ನನ್ನ ಕಣ್ಣಿಗೆ, ಎಷ್ಟು ಹುಡುಕಿದರೂ ಒಂದು ಹೊಲಿಗೆಯೂ ಕಾಣಲಿಲ್ಲ.